ಲಿಲಾವು ಯಾದಿಯ ಮೇಲಿನಿಂದ ಶುರುವಾಗಲಿ

ಮನೆಪಟ್ಟಿ ತುಂಬದಿದ್ದರೆ ಪಂಚಾಯ್ತಿಯವರು ಮನೆ ಲಿಲಾವು ಹಾಕಬಹುದೇನು? ಮಾರ್ಚ್ ಹತ್ತಿರ ಬಂದಂತೆ ನಮ್ಮೂರು ಹಲಬರ್ಗಾದ ಕಟ್ಟೆಯ ಮೇಲೂ ಭಾಲ್ಕಿಯ ಚಹಾದಂಗಡಿಯಲ್ಲೂ ಈ ಮಾತು ಏಳುತ್ತದೆ. ಬಿಲ್ ಕಲೆಕ್ಟರ್ ರಸೀದಿ ಪುಸ್ತಕ ಹಿಡಿದು ಓಣಿ ಓಣಿ ತಿರುಗುವ ಕಾಲವದು. ಮೇಲಿನಿಂದ ಗುರಿ ಬಂದಿರುತ್ತದೆ, ವಸೂಲಿ ಆಗಿರುವುದಿಲ್ಲ. ಆಗ ಜಪ್ತಿಯ ಮಾತು ಹೊರಗೆ ಬರುತ್ತದೆ.

ಹಾಕಬಹುದು, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಅದು ಕೊನೆಯ ಮೆಟ್ಟಿಲು ಎಂಬುದನ್ನು ಹೆದರಿಸುವವರೂ ಹೇಳುವುದಿಲ್ಲ, ಹೆದರುವವರೂ ಕೇಳುವುದಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯ್ತಿಗೆ ಮನೆ, ನಿವೇಶನಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಅದನ್ನು ವಸೂಲು ಮಾಡುವ ದಾರಿಯನ್ನೂ ಬರೆದಿದೆ. ಮೊದಲು ಬಿಲ್ಲು ಕೊಡಬೇಕು. ಕೊಟ್ಟ ಅವಧಿಯಲ್ಲಿ ಹಣ ಬರದಿದ್ದರೆ ತಗಾದೆ ನೋಟೀಸು ಮುಟ್ಟಿಸಬೇಕು. ಅದಕ್ಕೂ ಉತ್ತರ ಬಾರದಿದ್ದರೆ ಜಪ್ತಿ ವಾರಂಟು, ಚರ ಸೊತ್ತಿನ ಹರಾಜು. ಅದರಿಂದಲೂ ತೀರದ ಬಾಕಿಯನ್ನು ಭೂ ಕಂದಾಯದ ಬಾಕಿಯಂತೆ ವಸೂಲು ಮಾಡಲು ತಹಶೀಲ್ದಾರರ ಕಡೆ ಹೋಗಬೇಕು. ಅಲ್ಲಿಂದ ಮುಂದೆ 1964ರ ಭೂ ಕಂದಾಯ ಕಾಯ್ದೆ ನಡೆಯುತ್ತದೆ. ಊರಿನಲ್ಲಿ ಸಾರಬೇಕು, ಸಾರಿದ ಮೇಲೆ ಗಡುವು ಕಾಯಬೇಕು, ಸವಾಲಿನಲ್ಲಿ ಗೆದ್ದವನು ಕಾಲು ಭಾಗ ಹಣವನ್ನು ಅಲ್ಲೇ ಕಟ್ಟಬೇಕು. ಹರಾಜು ಆದ ಮೇಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 30 ದಿನಗಳೊಳಗೆ ಬಾಕಿಯನ್ನೂ, ಕೊಂಡವನಿಗೆ ಹರಾಜು ಮೊತ್ತದ ಶೇ 5ರಷ್ಟನ್ನೂ ಕಟ್ಟಿದರೆ ಮಾರಾಟ ರದ್ದು ಮಾಡಿಸಿ ಮನೆ ಉಳಿಸಿಕೊಳ್ಳಬಹುದು.

ಈ ಮೆಟ್ಟಿಲುಗಳನ್ನು ಹಾರಿ ನೇರ ಬಾಗಿಲಿಗೆ ಬಂದು ಪಾತ್ರೆ ಪಗಡೆ ಹೊರಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು ನಮ್ಮ ಶಾಲೆಗಳ ಗೋಡೆಯ ಮೇಲೆ ಬರೆಸಿದರೂ ತಪ್ಪಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಮಲಗುವ ಹಾಸಿಗೆ, ಹೆಣ್ಣುಮಗಳ ಕೊರಳಿನ ತಾಳಿ, ಬಡಿಗನ ಉಳಿ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ಇಷ್ಟನ್ನು ನ್ಯಾಯಾಲಯದ ಡಿಕ್ರಿ ಹಿಡಿದು ಬಂದವನೂ ಮುಟ್ಟುವಂತಿಲ್ಲ ಎಂದು ಅದು ಹೇಳುತ್ತದೆ. ಕೋರ್ಟಿನ ಡಿಕ್ರಿಗೇ ಇಲ್ಲದ ಹಕ್ಕು ಮನೆಪಟ್ಟಿಯ ಬಾಕಿಗೆ ಎಲ್ಲಿಂದ ಬರಬೇಕು?

ಹಾಗೆಂದು ಪಟ್ಟಿ ತುಂಬಬೇಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳುವವರು ಊರಿಗೆ ಕೇಡು ಬಗೆಯುವವರು. ನಳಕ್ಕೆ ನೀರು ಬಿಡುವ ವಾಟರ್‌ಮ್ಯಾನನ ಪಗಾರದಲ್ಲಿ, ಬೀದಿ ದೀಪದ ಕರೆಂಟು ಬಿಲ್ಲಿನಲ್ಲಿ, ಗಟಾರ ಬಳಿಯುವವರ ಕೂಲಿಯಲ್ಲಿ ಈ ಹಣದ ಪಾಲಿದೆ. ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಒಂದು ಪಾಲು ಪರಿಶಿಷ್ಟರ ಕಲ್ಯಾಣಕ್ಕೆ, ಶೇ 5 ಅಂಗವಿಕಲರಿಗೆ ಮೀಸಲು. ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರವೂ ಸೇರಿರುತ್ತದೆ. ಹಣಕಾಸು ಆಯೋಗದ ಅನುದಾನ ಬರುತ್ತದೆ ನಿಜ. 15ನೇ ಆಯೋಗ ಅದರ ಶೇ 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಊರು ತನಗೆ ಬೇಕೆನಿಸಿದ ಕೆಲಸಕ್ಕೆ, ಯಾರ ಅಪ್ಪಣೆಯನ್ನೂ ಕಾಯದೆ ಖರ್ಚು ಮಾಡಬಹುದಾದ ರೊಕ್ಕವೆಂದರೆ ಊರೇ ಕಟ್ಟಿದ ಪಟ್ಟಿಯ ರೊಕ್ಕ. ಅದನ್ನು ತಪ್ಪಿಸುವವನು ಅಂಗವಿಕಲನ ಗಾಲಿ ಕುರ್ಚಿಯ ದುಡ್ಡನ್ನೇ ತಪ್ಪಿಸುತ್ತಾನೆ.

ಹಾಗಿದ್ದರೆ ನಮ್ಮ ಕಡೆ ಬಾಕಿ ಏಕೆ ಬೆಳೆಯುತ್ತದೆ? ಸೋಮಾರಿತನ, ಹಟ ಎಂದು ಕಚೇರಿಯವರು ಹೇಳುತ್ತಾರೆ. ಊರೊಳಗೆ ಒಂದು ಸುತ್ತು ಹಾಕಿದರೆ ಬೇರೆಯೇ ಕಾಣುತ್ತದೆ. ಅರ್ಧ ಮನೆಗಳ ಉತಾರಿ ಸತ್ತವರ ಹೆಸರಿನಲ್ಲಿದೆ. ಅಜ್ಜ ತೀರಿಹೋಗಿ ಎಷ್ಟೋ ಮಳೆಗಾಲ ಕಳೆದಿವೆ. ಮೂವರು ಮಕ್ಕಳು, ಅವರ ಮಕ್ಕಳು, ನಡುವೆ ಪಾಲು ಆಗಿಲ್ಲ, ಆಗಿದ್ದರೂ ಕಾಗದದಲ್ಲಿ ಇಲ್ಲ. ಬಿಲ್ಲು ಬರುವುದು ಅಜ್ಜನ ಹೆಸರಿಗೆ. "ಅದು ನಮ್ಮ ಕಾಕಾಂದು, ಅವರೇ ತುಂಬಲಿ" ಎಂದು ಇವರು, "ಮನ್ಯಾಗ ಇರೋರು ಅವರು, ನಾವ್ಯಾಕ ತುಂಬಬೇಕು" ಎಂದು ಅವರು. ಹೀಗೆ ಬಾಕಿ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಇನ್ನು ಕೆಲವು ಮನೆಗಳಿಗೆ ಬೀಗ. ಯಜಮಾನ ಹೈದರಾಬಾದಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿದ್ದಾನೆ, ದೀಪಾವಳಿಗೊಮ್ಮೆ ಬರುತ್ತಾನೆ. ಬಾಗಿಲಿಗೆ ಅಂಟಿಸಿದ ನೋಟೀಸು ಅವನು ಬರುವಷ್ಟರಲ್ಲಿ ಮಳೆಗೆ ನೆನೆದು ಹರಿದಿರುತ್ತದೆ. ಸತ್ತವನ ಹೆಸರಿಗೆ ನೋಟೀಸು ಕೊಟ್ಟು, ಇಲ್ಲದವನ ಬಾಗಿಲಿಗೆ ಅಂಟಿಸಿ, ಕಾನೂನಿನ ಕ್ರಮ ಮುಗಿಸಿದೆವು ಎನ್ನುವುದು ನ್ಯಾಯವಲ್ಲ.

ಹಣದ ಕಾಲವೂ ಹೊಂದುವುದಿಲ್ಲ. ಭಾಲ್ಕಿ, ಔರಾದ ಕಡೆಯ ರೈತನಿಗೆ ಸೋಯಾ ಮಾರಿದ ರೊಕ್ಕ ಅಕ್ಟೋಬರ್, ನವೆಂಬರಿನಲ್ಲಿ ಕೈಗೆ ಬರುತ್ತದೆ. ತೊಗರಿಯದು ಜನವರಿ, ಫೆಬ್ರವರಿಯಲ್ಲಿ. ಮಾರ್ಚ್ ಬರುವಷ್ಟರಲ್ಲಿ ಆ ರೊಕ್ಕ ಸಂಘದ ಸಾಲಕ್ಕೆ, ಮದುವೆಗೆ, ದವಾಖಾನೆಗೆ ಹೋಗಿ ಮುಗಿದಿರುತ್ತದೆ. ಕಚೇರಿಗೆ ಅವಸರ ಹುಟ್ಟುವುದು ಆಗ. ಪುರಸಭೆಯ ಹಿಸಾಬು ಇನ್ನೂ ಬಿಗಿ. ಏಪ್ರಿಲಿನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಏಪ್ರಿಲ್, ಮೇ, ಜೂನ್ ಎಂದರೆ ರೈತ ಬೀಜ ಗೊಬ್ಬರಕ್ಕೆ ಕೈ ಚಾಚುವ ತಿಂಗಳುಗಳು. ಸಂಬಳದಾರನಿಗೆ ಹೊಂದುವ ಈ ರಿಯಾಯಿತಿ ಹೊಲವನ್ನು ನಂಬಿ ಭಾಲ್ಕಿಯಲ್ಲಿ ಮನೆ ಮಾಡಿದವನಿಗೆ ಎಂದೂ ಸಿಗುವುದಿಲ್ಲ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬೆಳೆಸಾಲಕ್ಕೆ ಬಡ್ಡಿ ಇಲ್ಲ ಎಂದು ಸರ್ಕಾರ ಹೇಳುತ್ತದೆ. ಅದೇ ಮನುಷ್ಯನ ಮನೆಪಟ್ಟಿಯ ಬಾಕಿ ವರ್ಷಕ್ಕೆ ಶೇ 24ರಂತೆ ಏರುತ್ತದೆ.

ಇನ್ನು ಯಾದಿಯ ಮೇಲ್ತುದಿಗೆ ಬರೋಣ. ಯಾವ ಪಂಚಾಯ್ತಿಯ ಬಾಕಿದಾರರ ಯಾದಿಯನ್ನಾದರೂ ಮೊತ್ತದ ಲೆಕ್ಕದಲ್ಲಿ ಜೋಡಿಸಿ ಓದಿ. ಕೆಳಗೆ ಜಂತಿಮನೆ, ತಗಡಿನ ಮನೆಗಳು, ಒಂದೊಂದರದೂ ಸಣ್ಣ ಮೊತ್ತ. ಮೇಲೆ ಯಾರಿದ್ದಾರೆ ಎಂದು ಊರಿಗೆ ಗೊತ್ತಿರಬೇಕು. ಮೊಬೈಲ್ ಟವರುಗಳನ್ನೇ ತೆಗೆದುಕೊಳ್ಳಿ. ತೆರಿಗೆ ನಮಗೆ ತಗಲುವುದಿಲ್ಲ ಎಂದು ಕಂಪನಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ವಾದಿಸಿದವು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ಪ್ರಕರಣದಲ್ಲಿ ಟವರುಗಳಿಗೂ ಆಸ್ತಿ ತೆರಿಗೆ ಹಾಕಬಹುದೆಂದು ತೀರ್ಪು ಕೊಟ್ಟಿತು. ಆ ತೀರ್ಪು ಹಿಡಿದು ಎಷ್ಟು ಪಂಚಾಯ್ತಿಗಳು ಟವರಿನ ಮಾಲೀಕರಿಗೆ ಜಪ್ತಿ ವಾರಂಟು ಕಳಿಸಿದವು? ರೈಲ್ವೆಯ ಮಾತು ಬೇರೆ. ಬೀದರಿನಿಂದ ಭಾಲ್ಕಿಗೆ ಹೋಗುವ ಹಳಿಯ ಮೇಲೆ ನಮ್ಮೂರ ಸ್ಟೇಷನ್ ಇದೆ. ಸಂವಿಧಾನದ 285ನೇ ವಿಧಿ ಕೇಂದ್ರದ ಸೊತ್ತಿಗೆ ಸ್ಥಳೀಯ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಅದನ್ನು ಒಪ್ಪಬೇಕು. ಟವರಿಗೆ, ಕಾರ್ಖಾನೆಗೆ, ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪಕ್ಕೆ ಅಂಥ ವಿನಾಯಿತಿ ಇಲ್ಲ.

ಮೇಲಿನವರಿಗೆ ಬೀಗ ಹಾಕಿದರೆ ಹಣ ಬರುತ್ತದೆ ಎಂಬುದಕ್ಕೆ ಬೆಂಗಳೂರು ಸಾಕ್ಷಿ. ಮಲ್ಲೇಶ್ವರದ ಮಂತ್ರಿ ಮಾಲ್‌ಗೆ ಕೋಟಿಗಟ್ಟಲೆ ತೆರಿಗೆ ಬಾಕಿಗಾಗಿ ಮಹಾನಗರ ಪಾಲಿಕೆ 2021ರಲ್ಲಿ ಬೀಗ ಹಾಕಿತು. ಆಗ ಬಾಕಿಯ ಒಂದು ಭಾಗ ಬಂತು, ಬೀಗ ತೆರೆಯಿತು. 2023ರ ಡಿಸೆಂಬರಿನಲ್ಲಿ ಮತ್ತೆ ಹಾಕಬೇಕಾಯಿತು. 2024ರಲ್ಲಿ ಪಾಲಿಕೆ ಇಡೀ ನಗರಕ್ಕೆ ಒಂದಾವರ್ತಿ ತೀರುವಳಿ ಯೋಜನೆ ತಂದು ಬಡ್ಡಿ ಬಿಟ್ಟಿತು, ದಂಡ ಅರ್ಧ ಮಾಡಿತು, ಆ ವರ್ಷದ ನವೆಂಬರ್ 30ರ ಗಡುವು ಮುಗಿದ ಮೇಲೆ ಜಪ್ತಿ, ಹರಾಜಿನ ನೋಟೀಸು ಕೊಟ್ಟಿತು. ಮೊದಲು ಬಡ್ಡಿ ಬಿಡುವುದು, ಆಮೇಲೆ ಗಡುವು, ಆಮೇಲೆ ಹರಾಜು ಎಂಬ ಆ ಕ್ರಮ ಸರಿಯಾದದ್ದು. ರಾಜಧಾನಿಯ ಮಾಲ್‌ ಮಾಲೀಕರಿಗೆ ಸಿಕ್ಕ ಈ ಸಾವಧಾನ ಭಾಲ್ಕಿ ತಾಲ್ಲೂಕಿನ ಕೂಲಿಕಾರನಿಗೂ ಸಿಗಬೇಕು ಎಂಬುದಷ್ಟೇ ನನ್ನ ತಕರಾರು.

ಕನ್ನಡ ನಾಡಿನಲ್ಲಿ ಕರದ ಬಾಕಿಗೆ ಸೊತ್ತು ಹರಾಜಾದ ದೊಡ್ಡ ಕತೆ ಉತ್ತರ ಕನ್ನಡದ್ದು. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರು ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡೆವೆಂದು ನಿಂತರು. ಸರ್ಕಾರ ಹೊಲ, ತೋಟ, ದನಕರು, ಮನೆಯ ಸಾಮಾನು ಎಲ್ಲವನ್ನೂ ಜಪ್ತಿ ಮಾಡಿ ಹರಾಜಿಗಿಟ್ಟಿತು. ಜನ ಸವಾಲು ಕೂಗಲಿಲ್ಲ. ಆದರೂ ಕೊಂಡವರು ಕೆಲವರಿದ್ದರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ ಹೆಣ್ಣುಮಕ್ಕಳು ಹಾಗೆ ಕೊಂಡವನ ಮನೆಯ ಮುಂದೆ ಉಪವಾಸ ಕೂತರು. ಆ ತಾಯಂದಿರ ನೆನಪಿಗೆ ಅಲ್ಲಿ ಸ್ಮಾರಕವಿದೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ.ಜಿ. ಖೇರರ ಸರ್ಕಾರ ಬಂದ ಮೇಲೆ ಹೋದ ಜಮೀನು ಮರಳಿಸುವ ಕೆಲಸ ನಡೆಯಿತು. ಇಂದಿನ ಪಂಚಾಯ್ತಿ ಬ್ರಿಟಿಷರ ಕಚೇರಿಯಲ್ಲ, ನಾವೇ ಆರಿಸಿದ ಮನೆ. ಅದಕ್ಕೆ ಪಟ್ಟಿ ನಿರಾಕರಿಸುವುದರಲ್ಲಿ ಯಾವ ಸತ್ಯಾಗ್ರಹವೂ ಇಲ್ಲ. ಆದರೆ ನೆರೆಯವನ ಮನೆ ಹರಾಜಿಗೆ ಬಂದಾಗ ಸವಾಲು ಕೂಗಲು ನಾಲಿಗೆ ಹಿಂಜರಿಯುವುದು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಉಳಿದಿದೆ. ಹೀಗೆ ಊರವರು ಹಿಂಜರಿದಾಗ ಮುಂದೆ ಬರುವವನು ಹೊರಗಿನ ದಲ್ಲಾಳಿ. ಲಕ್ಷಗಟ್ಟಲೆ ಬೆಲೆಯ ಜಾಗ ಅವನ ಪಾಲಿಗೆ ಅಗ್ಗಕ್ಕೆ ಹೋಗುತ್ತದೆ. ಪಂಚಾಯ್ತಿಗೆ ಬರುವುದು ಬಾಕಿಯಷ್ಟೇ, ಊರಿಗೆ ಉಳಿಯುವುದು ಮನೆ ಕಳೆದುಕೊಂಡ ಒಂದು ಕುಟುಂಬ.

ಸಣ್ಣ ಬಾಕಿಗೆ ದೊಡ್ಡ ಸೊತ್ತು ಮಾರುವ ಈ ಅನ್ಯಾಯವನ್ನು ನಮ್ಮ ಸುಪ್ರೀಂ ಕೋರ್ಟು ಸಾಲದ ಪ್ರಕರಣಗಳಲ್ಲಿ ಎಂದೋ ತಡೆದಿದೆ. 1989ರಲ್ಲಿ ಅದರ ಮುಂದೆ ಬಂದ ಒಂದು ಪ್ರಕರಣದಲ್ಲಿ ಎರಡೂವರೆ ಸಾವಿರಕ್ಕೂ ಕಡಿಮೆ ಮೊತ್ತದ ಡಿಕ್ರಿಗೆ 10 ಎಕರೆ ಹೊಲ ಮಾರಿಬಿಟ್ಟಿದ್ದರು. ಬಾಕಿ ತೀರಲು ಎಷ್ಟು ಬೇಕೋ ಅಷ್ಟೇ ಭಾಗ ಮಾರಬೇಕು, ಅದು ಮಾರುವವನ ಇಷ್ಟಕ್ಕೆ ಬಿಟ್ಟ ಮಾತಲ್ಲ ಎಂದು ಹೇಳಿ ಕೋರ್ಟು ಆ ಮಾರಾಟವನ್ನು ರದ್ದು ಮಾಡಿತು. ಅಮೆರಿಕದಲ್ಲಿ ಇದೇ ಪ್ರಶ್ನೆ 2023ರಲ್ಲಿ ಬಂತು. ಮಿನ್ನೆಸೋಟ ರಾಜ್ಯದ 94 ವರ್ಷದ ಒಬ್ಬ ಅಜ್ಜಿಯ ಮನೆಪಟ್ಟಿ ಬಾಕಿ ಸುಮಾರು 2,300 ಡಾಲರ್. ಬಡ್ಡಿ, ದಂಡ, ಖರ್ಚು ಸೇರಿ ಅದು 15,000 ಡಾಲರ್ ಆಯಿತು. ಅಲ್ಲಿಯ ಜಿಲ್ಲಾಡಳಿತ ಮನೆಯನ್ನು 40,000ಕ್ಕೆ ಮಾರಿ ಉಳಿದ 25,000 ಡಾಲರನ್ನೂ ತಾನೇ ಇಟ್ಟುಕೊಂಡಿತು. ಬಾಕಿಗಿಂತ ಹೆಚ್ಚು ತೆಗೆದುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಂದೇ ಮಾತಿನಲ್ಲಿ ಹೇಳಿದರು.

ನಮ್ಮ ಭಾಗದ ಜನರ ಮನಸ್ಸಿನಲ್ಲಿ ಇನ್ನೊಂದು ಮಾತು ಕುದಿಯುತ್ತಿದೆ, ಅದನ್ನೂ ಹೇಳಲೇಬೇಕು. ಕಾರಂಜಾ ಜಲಾಶಯಕ್ಕೆ ಭೂಮಿ ಕಳೆದುಕೊಂಡವರು ಸರಿಯಾದ ಪರಿಹಾರ ಕೇಳಿ ಬೀದರಿನಲ್ಲಿ ಜಿಲ್ಲಾಧಿಕಾರಿ ಕಚೇರಿಯ ಎದುರು ವರ್ಷಗಟ್ಟಲೆ ಧರಣಿ ಕೂತರು. ಕಬ್ಬು ಕಳಿಸಿದ ರೈತನಿಗೆ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕೊಡದ ಕಾರ್ಖಾನೆಯಿಂದ ಅದನ್ನು ಭೂ ಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದು. ಅಂದರೆ ಬಡವನ ಮನೆಯನ್ನು ಲಿಲಾವಿಗೆ ತರುವ ಅದೇ ಕಾಯ್ದೆ ಕಾರ್ಖಾನೆಯ ಗೋದಾಮಿನ ಸಕ್ಕರೆಯನ್ನೂ ತರಬಲ್ಲದು. ರೈತನಿಗೆ ಬರಬೇಕಾದ ಬಾಕಿಗೆ ಈ ಕಾಯ್ದೆ ನಿಧಾನವಾಗಿಯೂ ರೈತ ಕೊಡಬೇಕಾದ ಬಾಕಿಗೆ ಅವಸರವಾಗಿಯೂ ಓಡಿದರೆ ಜನ ಪಂಚಾಯ್ತಿಯ ನೋಟೀಸನ್ನು ನಂಬುವುದು ಹೇಗೆ?

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಾನೂನು ಬೇಕಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಇರುವ ಕಾಯ್ದೆಯೇ ಹೇಳಿದೆ, ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಅಲ್ಲಿ ಹಿಂದಿನ ವರ್ಷದ ಪಟ್ಟಿಯ ರೊಕ್ಕ ಎಲ್ಲಿ ಖರ್ಚಾಯಿತು ಎಂದು ಬಾಯಿಬಿಟ್ಟು ಓದಲಿ. ಬಾಕಿದಾರರ ಯಾದಿಯನ್ನೂ ಓದಲಿ, ಮೊತ್ತ ದೊಡ್ಡದಿರುವ ಹೆಸರಿನಿಂದ ಕೆಳಕ್ಕೆ. ಸತ್ತವರ ಹೆಸರಿನ ಉತಾರಿಗಳನ್ನು ವಾರಸುದಾರರ ಹೆಸರಿಗೆ ಮಾಡಲು ಓಣಿಯಲ್ಲೇ ಶಿಬಿರ ಹಾಕಲಿ. ಆ ದಿನ ಪಾಲುದಾರರು ತಮ್ಮ ತಮ್ಮ ಪಾಲಿನ ಪಟ್ಟಿ ತುಂಬಿ ಹೋಗುವಂತಾಗಲಿ. ವಸೂಲಿಯ ತಿಂಗಳು ಮಾರ್ಚಿನಿಂದ ಸೋಯಾ ರಾಶಿಯ ಕಾಲಕ್ಕೆ ಸರಿಯಲಿ, ಎರಡು ಮೂರು ಕಂತಿಗೆ ಒಪ್ಪಲಿ. ಇಷ್ಟೆಲ್ಲ ಮಾಡಿದ ಮೇಲೂ ಶಕ್ತಿ ಇದ್ದು ತುಂಬದವನಿದ್ದರೆ ಅವನ ಸೊತ್ತನ್ನು ಲಿಲಾವಿಗೆ ತರಲಿ, ನಾನು ಅಡ್ಡ ಬರುವುದಿಲ್ಲ. ಆಗಲೂ ಬಾಕಿ ಮುರಿದುಕೊಂಡು ಉಳಿದದ್ದನ್ನು ಲೆಕ್ಕ ಸಮೇತ ಅವನ ಕೈಗೆ ಕೊಡಲಿ.

ಓದುಗರಲ್ಲಿ ಎರಡು ಮಾತು ಬೇಡುತ್ತೇನೆ. ನಿಮ್ಮ ಪಟ್ಟಿ ಬಾಕಿ ಇದ್ದರೆ ಈ ವಾರವೇ ತುಂಬಿ ರಸೀದಿ ತೆಗೆದುಕೊಳ್ಳಿ. ಆ ರಸೀದಿ ಹಿಡಿದು ಮುಂದಿನ ಗ್ರಾಮಸಭೆಗೆ ಹೋಗಿ, ಬಾಕಿದಾರರ ಯಾದಿಯನ್ನು ಮೇಲಿನಿಂದ ಓದಿರಿ ಎಂದು ಎದ್ದು ನಿಂತು ಕೇಳಿ.