ನರ್ಸ್ ಬರುವ ದಿನ ಮೊಮ್ಮಗನಿಗೆ ರಜೆ

ಏಳನೇ ಕ್ಲಾಸಿನ ಒಬ್ಬ ಹುಡುಗ ತಿಂಗಳಿಗೊಂದು ದಿನ ತಪ್ಪದೆ ರಜೆ ಹಾಕುತ್ತಿದ್ದ. ಜ್ವರ ಅಂತ ಇಲ್ಲ, ನೆಂಟರ ಮನೆ ಅಂತ ಇಲ್ಲ. ಮೊದಲೆರಡು ಸಲ ನಾನೂ ಕೇಳಲಿಲ್ಲ. ಮೂರನೇ ಸಲ ಕರೆದು ವಿಚಾರಿಸಿದೆ.

"ಎಂತ ಮಾರಾಯ, ನಿನ್ನೆ ಎಲ್ಲಿಗೆ ಹೋದದ್ದು?"

"ಎಲ್ಲಿಗೂ ಇಲ್ಲ ಟೀಚರ್. ಪಾಲಿಯೇಟಿವ್‌ನ ನರ್ಸ್ ಬರುವ ದಿನ. ಅಜ್ಜಿಗೆ ಮಲಯಾಳ ಗೊತ್ತಿಲ್ಲ. ಅಮ್ಮ ಕೆಲಸಕ್ಕೆ ಹೋಗ್ತಾರೆ. ನಾನೇ ಹೇಳಿಕೊಡಬೇಕು."

ನನಗೆ ಬೈಯಲು ಬಾಯಿ ಬರಲಿಲ್ಲ. ಮುಂದಿನ ಸಲ ನರ್ಸ್ ಬಂದದ್ದು ಒಂದು ಶನಿವಾರ, ಶಾಲೆಗೆ ರಜೆ ಇತ್ತು. ನಾನೂ ಅವರ ಮನೆಗೆ ಹೋಗಿ ಕೂತೆ. ಅಜ್ಜಿಗೆ ಎಂಬತ್ತು ದಾಟಿದೆ. ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಮಂಚವೇ ಗತಿ. ನರ್ಸ್ ಒಳ್ಳೆಯ ಹುಡುಗಿ. ಬೆನ್ನಿನ ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡಿದಳು, ಬಿಪಿ ನೋಡಿದಳು, ಆಮೇಲೆ ರಾತ್ರಿ ನಿದ್ರೆ ಬರುತ್ತದಾ ಎಂದು ಮಲಯಾಳದಲ್ಲಿ ಕೇಳಿದಳು. ಹುಡುಗ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದ.

"ಎಲ್ಲಿಯ ನಿದ್ರೆ ಮಗಾ. ರಾತ್ರಿಯಿಡೀ ಮಾಡು ನೋಡಿಕೊಂಡು ಬಿದ್ದಿರುದು. ನಾನು ಇದ್ದು ನಿಮಗೆಲ್ಲ ಉಪದ್ರ. ಒಮ್ಮೆ ಹೋದರೆ ಸಾಕಿತ್ತು."

ಹುಡುಗ ಒಂದು ಗಳಿಗೆ ನೆಲ ನೋಡಿದ. ಆಮೇಲೆ ನರ್ಸಿಗೆ ಮಲಯಾಳದಲ್ಲಿ, "ನಿದ್ರೆ ಸ್ವಲ್ಪ ಕಡಿಮೆಯಂತೆ" ಅಂದ. ಅವಳು ಪುಸ್ತಕದಲ್ಲಿ ಅದನ್ನೇ ಬರೆದುಕೊಂಡಳು.

ಅವಳು ಹೋದ ಮೇಲೆ ಕೇಳಿದೆ, ಯಾಕೆ ಉಳಿದದ್ದು ಹೇಳಲಿಲ್ಲ ಅಂತ. "ಅದೆಲ್ಲ ಹೇಗೆ ಹೇಳುದು ಟೀಚರ್?" ಅಂದ. ಹನ್ನೆರಡು ವರ್ಷದ ಹುಡುಗ. ತನ್ನ ಅಜ್ಜಿ ಸಾಯಬೇಕು ಅನ್ನುತ್ತಿದ್ದಾಳೆ ಎಂಬ ಮಾತನ್ನು ಅವನು ಹೊರಗಿನವರ ಎದುರು ಯಾವ ಬಾಯಿಯಿಂದ ಹೇಳಿಯಾನು?

ವಯಸ್ಸಾದವರು "ದೇವರು ಕೊಂಡುಹೋದರೆ ಸಾಕು" ಅನ್ನುವುದು ನಮ್ಮ ಕಡೆ ಮಾಮೂಲು. ಹತ್ತರಲ್ಲಿ ಎಂಟು ಸಲ ಅದು ಬರೀ ಮಾತೇ ಇರಬಹುದು. ಉಳಿದ ಎರಡು ಸಲ ಅದು ಖಿನ್ನತೆ, ಮದ್ದು ಮತ್ತು ಮಾತಿನಿಂದ ಗುಣವಾಗುವ ಕಾಯಿಲೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಎದುರಿಗೆ ಕೂತು, ಅವರ ಭಾಷೆಯಲ್ಲೇ ಇನ್ನೆರಡು ಪ್ರಶ್ನೆ ಕೇಳಬೇಕು. ಆ ಎರಡು ಪ್ರಶ್ನೆ ನಮ್ಮ ಮನೆಗಳಲ್ಲಿ ಯಾರೂ ಕೇಳುತ್ತಿಲ್ಲ. ಇವತ್ತು ಬರೆಯಬೇಕು ಅಂತ ಕೂತದ್ದು ಅದಕ್ಕೇ.

ಇಲ್ಲಿ ವ್ಯವಸ್ಥೆ ಇಲ್ಲ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಕೇರಳದಲ್ಲಿ ಇರುವಷ್ಟು ಇನ್ನೆಲ್ಲಿದೆ? 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ಒಂದು ಸಣ್ಣ ಕ್ಲಿನಿಕ್ಕಿನಿಂದ ಬೆಳೆದದ್ದು ಈ ಪಾಲಿಯೇಟಿವ್ ಕೆಲಸ. 2008ರಲ್ಲಿ ರಾಜ್ಯ ಸರಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, 3 ನಗರಸಭೆಗಳು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳಿಸುವುದು ಈ ಸ್ಥಳೀಯ ಸಂಸ್ಥೆಗಳದ್ದೇ ಜವಾಬ್ದಾರಿ, ದುಡ್ಡೂ ಅವುಗಳ ಯೋಜನಾ ನಿಧಿಯದ್ದು.

ಕೆಳಗಿನಿಂದ ಮೇಲಕ್ಕೆ ನೋಡಿದರೆ ಹೀಗಿದೆ. ವಾರ್ಡಿನಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕುಟುಂಬಶ್ರೀ ಕೂಟ, ಪಂಚಾಯತು ಮೆಂಬರ್. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾರು ಮನೆ ಬಿಟ್ಟು ಹೊರಗೆ ಬರುತ್ತಿಲ್ಲ ಎಂದು ಮೊದಲು ಗೊತ್ತಾಗುವುದು ಇವರಿಗೆ. ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಡಾಕ್ಟರು, ಫೀಲ್ಡಿಗೆ ಹೋಗುವ ಪಬ್ಲಿಕ್ ಹೆಲ್ತ್ ನರ್ಸ್, ಪಂಚಾಯತಿನ ಪಾಲಿಯೇಟಿವ್ ನರ್ಸ್. ಬುದ್ಧಿಮಾಂದ್ಯ ಮಕ್ಕಳಿಗೆ ಬಡ್ಸ್ ಶಾಲೆ, ಹದಿನೆಂಟು ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರ. ಅದಕ್ಕೂ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ.

ಮನಸ್ಸಿನ ಕಾಯಿಲೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಬೇರೆ ಇದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸೋಶಿಯಲ್ ವರ್ಕರ್, ನರ್ಸ್ ಇರುವ ತಂಡ ಅದು, ಗೊತ್ತಾದ ದಿನ ಊರೂರಿನ ಸರಕಾರಿ ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುತ್ತದೆ. ನಿಮಗೆ ಗೊತ್ತಾ, ಇಡೀ ದೇಶಕ್ಕೆ ಈ ಪದ್ಧತಿಯ ಮಾದರಿ ಸಿದ್ಧವಾದದ್ದು ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿ ಅದನ್ನು ಮಾಡಿ ನೋಡಿತು. ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಮನೋರೋಗಕ್ಕೆ ಮದ್ದು ಕೊಡಬಹುದು ಎಂದು ತೋರಿಸಿತು. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಕನ್ನಡದ ಹಳ್ಳಿಗಳಲ್ಲಿ ಹುಟ್ಟಿದ ಪದ್ಧತಿ ಕಾಸರಗೋಡಿನ ಕನ್ನಡದ ಅಜ್ಜಿಯ ಮಂಚದ ಹತ್ತಿರ ಬಂದು ಮೂಗಿಯಾಗುತ್ತದೆ. ಇದಕ್ಕೆ ಏನನ್ನೋಣ?

ನಮ್ಮ ಶಾಲೆಯಲ್ಲೇ ಕಲಿತು, ಸೋಶಿಯಲ್ ವರ್ಕ್ ಓದಿ, ಈಗ ಇಂಗ್ಲೆಂಡಿನ ಒಂದು ಕೌನ್ಸಿಲಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ರಜೆಗೆ ಬಂದಿದ್ದಾಗ ಮನೆಗೆ ಬಂದಳು. ಅವಳ ಹತ್ತಿರ ಈ ಕಥೆ ಹೇಳಿದೆ. ಅಲ್ಲಿ ಕೌನ್ಸಿಲ್ ಅಂದರೆ ನಮ್ಮ ನಗರಸಭೆ, ಜಿಲ್ಲಾ ಪಂಚಾಯತು ಇದ್ದ ಹಾಗೆ, ಜನ ಆರಿಸಿದ ಸಂಸ್ಥೆ. ಮುದುಕರು, ಅಂಗವಿಕಲರು, ಮನೋರೋಗಿಗಳ ಆರೈಕೆಗೆ ಅದರಲ್ಲೇ ಒಂದು ವಿಭಾಗ. ಆಸ್ಪತ್ರೆ, ಮದ್ದು ಇವೆಲ್ಲ ಎನ್‌ಎಚ್‌ಎಸ್‌ನದ್ದು. ಮನೋರೋಗಿಗಳಿಗೆ ಊರಿನಲ್ಲೇ ಚಿಕಿತ್ಸೆ ಕೊಡುವ ತಂಡದಲ್ಲಿ ಎಷ್ಟೋ ಕಡೆ ಎನ್‌ಎಚ್‌ಎಸ್‌ನ ನರ್ಸ್, ಡಾಕ್ಟರ ಜೊತೆ ಕೌನ್ಸಿಲಿನ ಸೋಶಿಯಲ್ ವರ್ಕರ್ ಕೂಡ ಒಂದೇ ಕಚೇರಿಯಲ್ಲಿ ಕೂರುತ್ತಾರೆ. 2014ರ ಕೇರ್ ಆಕ್ಟ್ ಪ್ರಕಾರ, ಯಾರಿಗಾದರೂ ಆರೈಕೆ ಬೇಕಾಗಿದೆ ಅಂತ ಕಂಡರೆ ಕೌನ್ಸಿಲ್ ಅವರ ಅಗತ್ಯ ಏನೆಂದು ವಿಚಾರಿಸಲೇಬೇಕು. ನೋಡಿಕೊಳ್ಳುವ ಮಗಳನ್ನೋ ಗಂಡನನ್ನೋ ಕೂಡ ಬೇರೆಯಾಗಿ ವಿಚಾರಿಸಬೇಕು. ತನ್ನ ಮಾತು ತಾನೇ ಹೇಳಿಕೊಳ್ಳಲು ತೀರಾ ಕಷ್ಟ ಇದ್ದು, ಪರವಾಗಿ ಮಾತಾಡುವ ತಕ್ಕವರು ಬೇರೆ ಯಾರೂ ಇಲ್ಲದಿದ್ದರೆ ಒಬ್ಬರನ್ನು ಕೌನ್ಸಿಲೇ ಗೊತ್ತುಮಾಡಬೇಕು.

ಅಲ್ಲಿ ಎಲ್ಲ ಸ್ವರ್ಗ ಅಂತ ಅವಳು ಹೇಳಲಿಲ್ಲ. ಕಾಯುವವರ ಪಟ್ಟಿ ಉದ್ದ, ಕೆಲಸದವರು ಕಡಿಮೆ, ಆರೈಕೆ ಎಲ್ಲರಿಗೂ ಪುಕ್ಕಟೆ ಅಲ್ಲ, ಆಸ್ತಿ ಆದಾಯ ಲೆಕ್ಕ ಹಾಕಿ ದುಡ್ಡು ತೆಗೆದುಕೊಳ್ಳುತ್ತಾರೆ. ಆದರೆ ಅವಳು ಹೇಳಿದ ಒಂದು ಮಾತು ನನಗೆ ನಾಟಿತು. ಯಾರನ್ನಾದರೂ ಒತ್ತಾಯದಿಂದ ಮಾನಸಿಕ ಆಸ್ಪತ್ರೆಗೆ ಸೇರಿಸಲು ಅರ್ಜಿ ಹಾಕುವ ಅಧಿಕಾರಿ ಮೊದಲು ಆ ವ್ಯಕ್ತಿಯನ್ನು ಅವನಿಗೆ ತಕ್ಕ ರೀತಿಯಲ್ಲಿ ಮಾತಾಡಿಸಬೇಕು ಎಂದು ಅಲ್ಲಿಯ 1983ರ ಕಾನೂನಿನಲ್ಲೇ ಬರೆದಿದೆಯಂತೆ. ಭಾಷೆ ಬಾರದಿದ್ದರೆ ದುಭಾಷಿ ಬೇಕು. "ಮೊಮ್ಮಗನನ್ನು ದುಭಾಷಿ ಮಾಡಿದರೆ ನಮಗೆ ಆಫೀಸಿನಲ್ಲಿ ಬೈಗುಳವೇ ಟೀಚರ್" ಅಂದಳು.

ಇಂಗ್ಲೆಂಡಿನ ಕಾನೂನು ನಮಗೆ ಯಾಕೆ ಅನ್ನುತ್ತೀರಾ? ಸರಿ, ನಮ್ಮದನ್ನೇ ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆ ಅಂದರೆ ಏನು ಅಂತ ಅದರಲ್ಲಿ ವಿವರಿಸಿದ್ದಾರೆ: ಚಿಕಿತ್ಸೆಯ ಒಳಿತು ಕೆಡುಕು, ಬೇರೆ ದಾರಿ ಏನಿದೆ ಎಂಬುದನ್ನೆಲ್ಲ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ ಮೇಲೆ ಅವರು ಕೊಡುವ ಒಪ್ಪಿಗೆ. ಇನ್ನು ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ ಅದು. ಜಾಗದ ಕಾಗದಕ್ಕೆ, ರೇಶನ್ ಕಾರ್ಡಿಗೆ ಕನ್ನಡ ಬೇಕು ಅಂತ ನಾವು ಎಷ್ಟೋ ವರ್ಷದಿಂದ ಹೋರಾಡಿದ್ದೇವೆ. ಕಾಗದವನ್ನಾದರೆ ಯಾರಿಂದಲಾದರೂ ಓದಿಸಿಕೊಳ್ಳಬಹುದು. ಮನಸ್ಸಿನ ಸಂಕಟವನ್ನು ಹೇಳುವುದಕ್ಕೆ ಮಾತು ಬಿಟ್ಟರೆ ಬೇರೆ ದಾರಿ ಇದೆಯಾ? ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಖಿನ್ನತೆಗೆ ಇರುವ ಪರೀಕ್ಷೆ ಎಂದರೆ ಮಾತುಕತೆಯೇ.

ನಮ್ಮ ಮಾತುಗಳೂ ಹಾಗೆಯೇ. "ತಲೆಬಿಸಿ" ಎಂದು ನಾವು ಎಷ್ಟು ಸಲ ಹೇಳುತ್ತೇವೆ! ತುಳುವಿನಲ್ಲಿ ಅದೇ "ಮಂಡೆಬೆಚ್ಚ". ಅದನ್ನು ಮಗು ಪದಕ್ಕೆ ಪದ ಇಟ್ಟು ಮಲಯಾಳಕ್ಕೆ ತಿರುಗಿಸಿದರೆ ನರ್ಸ್ ಥರ್ಮಾಮೀಟರ್ ತೆಗೆಯುತ್ತಾಳೆ. ಅವಳದೇನು ತಪ್ಪು? ಇಡೀ ಪಂಚಾಯತಿನ ರೋಗಿಗಳು ಅವಳ ತಲೆ ಮೇಲೆ, ಕೆಲಸ ಗುತ್ತಿಗೆಯದ್ದು. ನಮ್ಮಲ್ಲಿ ಎಷ್ಟೋ ಆಶಾ ಕಾರ್ಯಕರ್ತೆಯರು ಕನ್ನಡ, ತುಳು ಎರಡನ್ನೂ ಚೆನ್ನಾಗಿ ಮಾತಾಡುವವರೇ. ಅವರಿರುವ ವಾರ್ಡಿನಲ್ಲಿ ಈ ತೊಂದರೆ ಇಲ್ಲ. ಆದರೆ ಅದು ಅದೃಷ್ಟದ ಮಾತಾಯಿತು, ವ್ಯವಸ್ಥೆಯ ಮಾತಾಗಲಿಲ್ಲ.

"ಇಷ್ಟು ವರ್ಷ ಕೇರಳದಲ್ಲಿದ್ದು ಮಲಯಾಳ ಕಲಿಯಬಾರದಾ?" ಎಂದು ಕೇಳುವವರಿದ್ದಾರೆ. ಮಕ್ಕಳು ಕಲಿಯುತ್ತಿದ್ದಾರೆ, ಕಲಿಯಲಿ. ನಾನೂ ಅವರಿಗೆ ಅದನ್ನೇ ಹೇಳುವುದು. ಆದರೆ ಈ ಅಜ್ಜಿ 1956ರ ನವೆಂಬರ್ 1ರಂದು ಐದನೇ ಕ್ಲಾಸಿನಲ್ಲಿದ್ದರಂತೆ, ಕನ್ನಡ ಶಾಲೆಯಲ್ಲಿ. ಮೊದಲು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದ ಊರು ಕೇರಳಕ್ಕೆ ಸೇರಿತು. ಅವರು ಮನೆ ಬಿಟ್ಟು ಎಲ್ಲಿಗೂ ಹೋದವರಲ್ಲ. ಮರೆವಿನ ಕಾಯಿಲೆ ಹಿಡಿದವರಂತೂ ಆಮೇಲೆ ಕಲಿತ ಭಾಷೆಯನ್ನು ಮರೆತು ಮನೆಮಾತಿಗೇ ಮರಳುವುದುಂಟು.

"ಮಂಗಳೂರಿಗೆ ಹೋದರಾಯಿತು" ಎನ್ನುವವರೂ ಇದ್ದಾರೆ. ನಿಜ, ಮಂಜೇಶ್ವರದಿಂದ ಮಂಗಳೂರು ಹತ್ತಿರ. ನಮ್ಮ ರಾಜ್ಯದ ಹತ್ತಿರದ ಸರಕಾರಿ ಮಾನಸಿಕ ಆಸ್ಪತ್ರೆ ಕೋಝಿಕ್ಕೋಡಿನ ಕುದಿರವಟ್ಟಂನಲ್ಲಿ, ಅರ್ಧ ದಿನದ ದಾರಿ. ಆದರೆ 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ತಲಪಾಡಿಯ ಗಡಿ ಮುಚ್ಚಿದಾಗ ಏನಾಯಿತು ಎಂದು ಮರೆತಿರಾ? ಆಂಬುಲೆನ್ಸುಗಳೇ ದಾಟಲಿಲ್ಲ. ಮಂಗಳೂರಿನ ಮದ್ದನ್ನೇ ನಂಬಿದವರ ಗತಿ ಏನು? ಅಲ್ಲದೆ, ಹಾಸಿಗೆಯಿಂದ ಏಳಲಾಗದವರನ್ನು ಮಂಗಳೂರಿಗೆ ಕರೆದುಕೊಂಡು ಹೋಗುವುದಾದರೂ ಹೇಗೆ?

ಇನ್ನೂ ಒಂದು ವಿಷಯ. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ತಾಯಂದಿರಿಗೆ ಈಗ ವಯಸ್ಸಾಗಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಅಂದಿನ ಮಕ್ಕಳು ಈಗ ಮೂವತ್ತರ ಆಸುಪಾಸು. "ನಾನು ಹೋದ ಮೇಲೆ ಇವನನ್ನು ಯಾರು ನೋಡುದು?" ಎಂದು ಒಬ್ಬ ತಾಯಿ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಪರಿಹಾರದ ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಆ ತಾಯಿಗೆ ನಿದ್ರೆ ಬರುತ್ತದಾ ಎಂದು, ಅವಳ ಭಾಷೆಯಲ್ಲಿ, ಕೇಳಿದವರಿದ್ದಾರಾ?

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನ ಕೆಲಸ ಏನೂ ಅಲ್ಲ.

ಪಾಲಿಯೇಟಿವ್ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಕಾಯಿಲೆಯ ಜೊತೆಗೆ ರೋಗಿಯ ಮಾತಿನ ಭಾಷೆ ಯಾವುದು ಎಂದು ಒಂದು ಕಾಲಂ ಇರಲಿ. ಕನ್ನಡವೋ ತುಳುವೋ ಎಂದು ಇದ್ದರೆ ಆ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯೋ ಸ್ವಯಂಸೇವಕರೋ ನರ್ಸಿನ ಜೊತೆ ಹೋಗಲಿ. ಖಿನ್ನತೆ ತಿಳಿಯಲು ಕೇಳುವ ಪ್ರಶ್ನೆಗಳ ಕನ್ನಡ ಪ್ರತಿ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿರಲಿ. ಈ ಪ್ರದೇಶಕ್ಕೆ ಕೌನ್ಸಿಲರ್ ನೇಮಿಸುವಾಗ ಕನ್ನಡ ಬಲ್ಲವರಿಗೆ ಮೊದಲು ಅವಕಾಶ ಸಿಗಲಿ.

ಇದನ್ನು ಕೇಳುವ ಜಾಗ ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾನೂನಿದೆ. 2025ರ ಡಿಸೆಂಬರಿನಲ್ಲಿ ಚುನಾವಣೆ ಮುಗಿದು ಹೊಸ ಮೆಂಬರುಗಳು ಬಂದಿದ್ದಾರೆ. ನಮ್ಮ ಪಿಟಿಎ, ಮಾತೃಸಂಘದವರು ಒಂದು ಅರ್ಜಿ ಬರೆದು, ಕನ್ನಡದಲ್ಲೇ ಬರೆದು, ಆ ಸಭೆಯಲ್ಲಿ ಕೊಡಬಹುದು. ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರುವುದು ಸಾಕು.

ಶಾಲೆಯ ಕಡೆಯಿಂದಲೂ ಆಗಬೇಕಾದ್ದಿದೆ. ಜನವರಿ 15 ಪಾಲಿಯೇಟಿವ್ ದಿನ. ಡಬ್ಬಿ ಹಿಡಿದು ದುಡ್ಡು ಕೂಡಿಸಿ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ, ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ನಮ್ಮ ಹಳೆ ವಿದ್ಯಾರ್ಥಿಗಳ ಹೆಸರುಗಳನ್ನೂ ಕೊಡೋಣ. ಕನ್ನಡ ಮಾಧ್ಯಮದಲ್ಲಿ ಕಲಿತರೆ ಕೆಲಸ ಎಲ್ಲಿ ಎಂದು ಕೇಳುವ ತಂದೆತಾಯಿಗಳಿಗೂ ಇದು ಒಂದು ಉತ್ತರ. ನರ್ಸಿಂಗ್, ಸೋಶಿಯಲ್ ವರ್ಕ್ ಓದಿ ಎರಡು ಮೂರು ಭಾಷೆ ಮಾತಾಡುವ ಮಕ್ಕಳು ಈ ಊರಿಗೇ ಬೇಕಾಗಿದ್ದಾರೆ.

ಅಷ್ಟರವರೆಗೆ ಒಂದು ನಂಬರ್ ಗೋಡೆಯ ಮೇಲೆ ಬರೆದಿಡಿ: 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಕೇಂದ್ರ ಸರಕಾರದ ಸಹಾಯವಾಣಿ. ಹಗಲು ರಾತ್ರಿ ಇದೆ, ದುಡ್ಡಿಲ್ಲ, ಕನ್ನಡವೂ ಇದೆ.

ಆ ಅಜ್ಜಿಯ ವಿಷಯ ಹೇಳದೆ ನಿಲ್ಲಿಸಿದರೆ ನೀವು ಕೇಳುತ್ತೀರಿ. ಮರುವಾರ ನಾನೇ ಆರೋಗ್ಯ ಕೇಂದ್ರಕ್ಕೆ ಹೋಗಿ ಅವರು ಹೇಳಿದ ಮಾತನ್ನು ಪೂರ್ತಿ ಮಲಯಾಳದಲ್ಲಿ ಹೇಳಿದೆ. ಡಾಕ್ಟರು ಮನೆಗೇ ಬಂದರು, ಮದ್ದು ಬದಲಾಯಿಸಿದರು. ಈಗ ಪಕ್ಕದ ಮನೆಯ ನಮ್ಮ ಹಳೆ ವಿದ್ಯಾರ್ಥಿನಿ ನರ್ಸ್ ಬರುವ ದಿನ ಬಂದು ಕೂರುತ್ತಾಳೆ. ಅಜ್ಜಿ ರಾತ್ರಿ ನಾಲ್ಕು ಗಂಟೆಯಾದರೂ ನಿದ್ರೆ ಮಾಡುತ್ತಾರಂತೆ. ಹುಡುಗ ಆ ದಿನವೂ ಶಾಲೆಗೆ ಬರುತ್ತಿದ್ದಾನೆ.

ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನೂ ಒಮ್ಮೆ ನೋಡಿ. ತಿಂಗಳಿಗೊಂದು ದಿನ ತಪ್ಪಿಸುವ ಮಗು ಅಲ್ಲಿಯೂ ಇರಬಹುದು.