ಮತ್ತೆ ಮತ್ತೆ ಕೆಡುವ ಬ್ರೇಕು

ವಾಹನವಿರುವ ಮನೆಗಳಲ್ಲಿ ಆಗಾಗ ಕೇಳಿಬರುವ ದೂರೊಂದಿದೆ. ಮುಂದಿನ ಎಡಚಕ್ರದ ಬ್ರೇಕ್ ಪ್ಯಾಡ್ ಸವೆಯಿತೆಂದು ಹೊಸದನ್ನು ಹಾಕಿಸಿ ಆರು ತಿಂಗಳು ಕಳೆದಿರುವುದಿಲ್ಲ, ಅದೇ ಚಕ್ರದಲ್ಲಿ ಮತ್ತೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಮೂರನೆಯ ಸಲ ಹಣ ತೆರುವಾಗ ಮನೆಯ ಯಜಮಾನರು, ಅಂಗಡಿಯವನು ನಕಲಿ ಮಾಲು ಕೊಟ್ಟನೆಂದು ಸಿಡಿಮಿಡಿಗೊಳ್ಳುತ್ತಾರೆ. ನಕಲಿ ಮಾಲು ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೆ ಅದೇ ಪೆಟ್ಟಿಗೆಯಿಂದ ತೆಗೆದು ಬಲಚಕ್ರಕ್ಕೆ ಹಾಕಿದ ಪ್ಯಾಡ್ ದಪ್ಪವಾಗಿಯೇ ಇದ್ದು, ಎಡದ್ದು ಮಾತ್ರ ಸವೆದಿದ್ದರೆ ತಪ್ಪು ಅಂಗಡಿಯವನದೆನ್ನುವುದು ನ್ಯಾಯವಲ್ಲ. ಸವೆತ ಲಕ್ಷಣ ಮಾತ್ರ. ರೋಗ ಬೇರೆ ಕಡೆ ಇದೆ.

ಆದುದರಿಂದ ಗ್ಯಾರೇಜಿನಲ್ಲಿ ಬಿಚ್ಚಿದ ಹಳೆಯ ಭಾಗಗಳನ್ನು ಕಸಕ್ಕೆ ಎಸೆಯಲು ಬಿಡದೆ, ಯಾವುದು ಯಾವ ಚಕ್ರದ್ದು, ಒಳಬದಿಯದೋ ಹೊರಬದಿಯದೋ ಎಂದು ಗುರುತು ಮಾಡಿಸಿ ಕೇಳಿ ಪಡೆಯಬೇಕು. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಉತ್ತರ ದೊರೆತಂತೆಯೇ. ಸಣ್ಣ ಕಾರುಗಳ ಮುಂಚಕ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬದಿಯಲ್ಲಿ ಪಿಸ್ಟನ್ ಉಳ್ಳ, ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ. ಕ್ಯಾಲಿಪರ್ ಜಾರಿ ಬಂದು ಹೊರಗಿನ ಪ್ಯಾಡನ್ನು ಡಿಸ್ಕಿಗೆ ಎಳೆಯುತ್ತದೆ. ಒಳಗಿನ ಪ್ಯಾಡ್ ಮಾತ್ರ ಸವೆದಿದ್ದರೆ ಪಿನ್ನುಗಳು ಕೆಸರು, ತುಕ್ಕು ಹಿಡಿದು ಬಿಗಿದಿರಬಹುದು, ಇಲ್ಲವೇ ಪಿಸ್ಟನ್ ಹಿಂದೆ ಸರಿಯದೆ ನಿಂತಿರಬಹುದು. ಪಿನ್ನಿನ ಮೇಲಿನ ರಬ್ಬರ್ ಬೂಟ್ ಹರಿದರೆ ನಮ್ಮ ಧೂಳಿನ ರಸ್ತೆಗಳಲ್ಲಿ ಒಂದು ಮಳೆಗಾಲ ಸಾಕು. ಅಲ್ಲಿಗೆ ಹಚ್ಚಬೇಕಾದುದು ಬ್ರೇಕಿಗೆಂದೇ ಇರುವ ಗ್ರೀಸು. ಕೈಗೆ ಸಿಕ್ಕಿದ ಬೇರಿಂಗ್ ಗ್ರೀಸನ್ನು ಬಳಿದರೆ ರಬ್ಬರು ಉಬ್ಬಿ ಪಿನ್ನು ಮತ್ತೆ ಕಚ್ಚಿಕೊಳ್ಳುತ್ತದೆ.

ಒಂದು ಚಕ್ರದ ಎರಡೂ ಪ್ಯಾಡುಗಳು ಬೇಗನೆ ಸವೆಯುತ್ತಿದ್ದು ಇನ್ನೊಂದು ಬದಿ ನೆಟ್ಟಗಿದ್ದರೆ ರಬ್ಬರ್ ಹೋಸ್ ಪೈಪಿನ ಮೇಲೂ ಅನುಮಾನ ಪಡಬೇಕು. ಇದನ್ನು ಬಹುಮಂದಿ ನೋಡುವುದೇ ಇಲ್ಲ, ಏಕೆಂದರೆ ಹೊರಗಿನಿಂದ ಪೈಪು ಹೊಸದರಂತೆಯೇ ಕಾಣುತ್ತದೆ. ಒಳಪದರ ಉಬ್ಬಿ ದಾರಿ ಇಕ್ಕಟ್ಟಾಗಿರುತ್ತದೆ. ಪೆಡಲಿನ ಒತ್ತಡ ಆಯಿಲನ್ನು ಮುಂದಕ್ಕೆ ತಳ್ಳುತ್ತದೆ. ಕಾಲು ತೆಗೆದಾಗ ಅದು ಹಿಂದಿರುಗುವುದಿಲ್ಲ. ಬ್ರೇಕು ಹಿಡಿದೇ ಇರುತ್ತದೆ. ಪರೀಕ್ಷೆ ಸುಲಭ. ಚಕ್ರವನ್ನು ಜಾಕ್ ಮೇಲೆತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಪೆಡಲನ್ನು ಒತ್ತಿ ಬಿಟ್ಟ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಅದು ತಿರುಗದಿದ್ದರೆ ಕ್ಯಾಲಿಪರಿನ ಬ್ಲೀಡರ್ ತಿರುಪನ್ನು ಸ್ವಲ್ಪ ಸಡಿಲಿಸಲಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತೆಂದು ಅರ್ಥ: ದೋಷ ಪೈಪಿನಲ್ಲಿ ಅಥವಾ ಅದಕ್ಕೂ ಮೇಲಿದೆ. ಆಗಲೂ ತಿರುಗದಿದ್ದರೆ ಪಿಸ್ಟನ್ ಅಥವಾ ಪಿನ್ನನ್ನು ನೋಡಬೇಕು. ಬಳಿಕ ಗಾಳಿ ತೆಗೆಯುವುದು ಕಡ್ಡಾಯವಾದ್ದರಿಂದ ಇದನ್ನು ಅನುಭವಿ ಮೇಸ್ತ್ರಿಯಿಂದಲೇ ಮಾಡಿಸಬೇಕು. ಎಬಿಎಸ್ ಇರುವ ಕೆಲವು ಕಾರುಗಳಿಗೆ ಗಾಳಿ ತೆಗೆಯಲು ಕಂಪ್ಯೂಟರ್ ಉಪಕರಣವೂ ಬೇಕಾಗುತ್ತದೆ.

ಎರಡೂ ಮುಂಚಕ್ರಗಳು ಒಂದೇ ರೀತಿ ಬಿಸಿಯಾಗುತ್ತಿದ್ದರೆ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಇರಬೇಕಾದ ಸಣ್ಣ ಸಡಿಲು ಉಳಿದಿದೆಯೇ ಎಂದು ಕೇಳಿರಿ. ಹಿಂದಿನ ಚಕ್ರಗಳ ಶೂಗಳು ಸವೆಯುತ್ತಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ಲನ್ನು ಅತಿಯಾಗಿ ಬಿಗಿದಿದ್ದಾರೆಯೇ ನೋಡಿಸಿರಿ. ಡಿಸ್ಕ್ ಬದಲಾಯಿಸಿದರೂ ಸ್ಟಿಯರಿಂಗ್ ನಡುಗುವುದು ನಿಲ್ಲದಿದ್ದರೆ ಡಿಸ್ಕ್ ಕೂರುವ ಹಬ್ಬಿನ ಮೇಲಿನ ತುಕ್ಕನ್ನು ಉಜ್ಜಿ ತೆಗೆಸಿರಿ.

ಎಲ್ಲಕ್ಕಿಂತ ಹೆಚ್ಚು ಹಣ ನುಂಗುವುದು ಆಯಿಲಿನ ದೋಷ. ನಾವು ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಆ ಹೆಸರನ್ನು ನಂಬಿ ಯಾರಾದರೂ ಒಂದಿಷ್ಟು ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗ್ ಆಯಿಲನ್ನೋ ಡಬ್ಬಿಗೆ ಸುರಿದರೆ ವ್ಯವಸ್ಥೆಯಲ್ಲಿರುವ ರಬ್ಬರ್ ಭಾಗಗಳೆಲ್ಲ ಉಬ್ಬತೊಡಗುತ್ತವೆ. ಈ ತಿಂಗಳು ವ್ಹೀಲ್ ಸಿಲಿಂಡರ್, ಮುಂದಿನ ತಿಂಗಳು ಮಾಸ್ಟರ್ ಸಿಲಿಂಡರ್, ಆಮೇಲೆ ಕ್ಯಾಲಿಪರ್ ಎಂದು ಸಾಲಾಗಿ ಕೆಡುವಾಗ ಹೀಗಾಗಿರಬಹುದೇ ಎಂದು ಯೋಚಿಸಬೇಕು. ಡಬ್ಬಿಯ ಮುಚ್ಚಳದ ರಬ್ಬರ್ ಉಬ್ಬಿ ಸುಕ್ಕುಗಟ್ಟಿದ್ದರೆ ಅನುಮಾನ ಬಲವಾಗುತ್ತದೆ. ಗಾಜಿನ ಲೋಟದ ನೀರಿಗೆ ಆ ದ್ರವದ ಕೆಲವು ಹನಿ ಹಾಕಿ ಕಲಕಿದರೆ ಶುದ್ಧ ದ್ರವ ನೀರಿನಲ್ಲಿ ಬೆರೆಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಎಣ್ಣೆ ತೇಲಿದರೆ ಪೈಪುಗಳನ್ನು ತೊಳೆಸಿ ರಬ್ಬರ್ ಇರುವ ಎಲ್ಲ ಭಾಗಗಳನ್ನೂ ಒಂದೇ ಸಲ ಬದಲಾಯಿಸುವುದಲ್ಲದೆ ಬೇರೆ ದಾರಿಯಿಲ್ಲ. ಖರ್ಚು ದೊಡ್ಡದೇ, ಬಿಡಿಬಿಡಿಯಾಗಿ ಮಾಡಿಸಿದರೆ ಇನ್ನೂ ದೊಡ್ಡದು.

ಸರಿಯಾದ ದ್ರವವೂ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ಶೇಕಡ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಒಳಗೇ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳಲು ಈ ನೀರೂ ಕಾರಣ. ಬದಲಾಯಿಸುವ ಅವಧಿ ಕಾರಿನ ಕೈಪಿಡಿಯಲ್ಲಿರುತ್ತದೆ. ಅನೇಕ ಕಾರುಗಳಿಗೆ ಅದು 2 ವರ್ಷ.

ಹಿಡಿದೇ ಇರುವ ಒಂದು ಬ್ರೇಕು, ತೇವ ಕುಡಿದ ಹಳೆಯ ದ್ರವ, ಇವೆರಡೂ ಕೂಡಿದ ಕಾರಿನಲ್ಲಿ ಹೆಂಡತಿ ಮಕ್ಕಳನ್ನು, ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಇಳಿಯುವುದನ್ನು ಎಣಿಸಿ ನೋಡಿರಿ. ಕಾದ ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಸ್ಪಂಜಿನಂತೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಅರ್ಧ ಗಂಟೆ ಆರಿದರೆ ಪೆಡಲ್ ಮೊದಲಿನಂತೆ ಗಟ್ಟಿಯಾಗಿ, ಊರಿನ ಮೇಸ್ತ್ರಿಗೆ ತೋರಿಸುವಾಗ ದೋಷವೇ ಕಾಣದೆ ಹೋಗುತ್ತದೆ. ಆದ್ದರಿಂದ ಘಾಟಿಯಲ್ಲಿ ಹೀಗಾಯಿತೆಂದು ಅವನಿಗೆ ಬಾಯಿಬಿಟ್ಟು ಹೇಳಬೇಕು.

ಪ್ರಯಾಣಕ್ಕೆ ಹಿಂದಿನ ದಿನ ಹತ್ತು ಕಿಲೋಮೀಟರು ಕಡಿಮೆ ಬ್ರೇಕು ಬಳಸಿ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿರಿ, ಮುಟ್ಟಬೇಡಿರಿ. ಎಡಬಲಗಳಲ್ಲಿ ಒಂದರ ಬಿಸಿ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ, ಅಥವಾ ಸುಟ್ಟ ವಾಸನೆ ಬಂದರೆ, ಆ ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೊರಡುವುದು ಲೇಸು.