ಬಾವಿ ತೋಡಿದವರಿಗೆ ಬಾಗಿಲಿಲ್ಲ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ ಕೊಚಬಾಂಬಾ ಎಂಬ ನಗರವಿದೆ. 1999ರಲ್ಲಿ ಅಲ್ಲಿನ ಸರ್ಕಾರ ಆ ನಗರದ ನೀರು ಸರಬರಾಜನ್ನು 40 ವರ್ಷಗಳಿಗೆ ಒಂದು ಖಾಸಗಿ ಕೂಟಕ್ಕೆ ಒಪ್ಪಿಸಿತು. ಕೂಟದ ಹಿಂದಿದ್ದ ದೊಡ್ಡ ಹೆಸರು ಅಮೆರಿಕದ ಬೆಕ್ಟೆಲ್. ಬಂದದ್ದು ಒಂದೇ ಟೆಂಡರ್. ಒಂದೇ ಟೆಂಡರ್ ಬಂದರೆ ಮರುಟೆಂಡರ್ ಕರೆಯಿರಿ ಎಂದು ನಮ್ಮ ಇಲಾಖೆಯಲ್ಲಿ ಹೊಸ ಸಹಾಯಕ ಎಂಜಿನಿಯರಿಗೂ ಹೇಳಿಕೊಡುತ್ತಿದ್ದೆವು.

ನಗರದ ಅಂಚಿನ ಬಡಾವಣೆಗಳಿಗೆ ಸರ್ಕಾರದ ನಲ್ಲಿ ಎಂದೂ ಬಂದಿರಲಿಲ್ಲ. ಜನ ತಾವೇ ವಂತಿಗೆ ಹಾಕಿ, ತಾವೇ ಅಗೆದು ಬಾವಿ, ಪೈಪು, ತೊಟ್ಟಿ ಮಾಡಿಕೊಂಡಿದ್ದರು. ಹೊಸ ಕಾನೂನು, ಹೊಸ ಕರಾರು ಸೇರಿ ಆ ಬಾವಿಗಳೂ ಕೈತಪ್ಪುವ ಭಯ ಹುಟ್ಟಿತು. ದರ ಏರಿತು, ಕೆಲವರಿಗೆ ದುಪ್ಪಟ್ಟಾಯಿತು. 2000ನೇ ಇಸವಿಯ ಏಪ್ರಿಲ್‌ನಲ್ಲಿ 17ರ ಹುಡುಗನೊಬ್ಬ ಗುಂಡಿಗೆ ಬಲಿಯಾದ ಮೇಲೆ ಕರಾರು ರದ್ದಾಯಿತು.

ಕೂಟ ಸುಮ್ಮನಿರಲಿಲ್ಲ. ಅಷ್ಟರಲ್ಲಿ ಅದರ ಒಡೆತನದ ಸರಪಳಿಯಲ್ಲಿ ನೆದರ್ಲೆಂಡ್ಸ್‌ನ ಕಂಪನಿಗಳು ಸೇರಿಕೊಂಡಿದ್ದವು. ಆ ದೇಶಕ್ಕೂ ಬೊಲಿವಿಯಾಕ್ಕೂ ಹೂಡಿಕೆ ರಕ್ಷಣೆಯ ಒಪ್ಪಂದವಿತ್ತು. ಅದನ್ನು ಹಿಡಿದು ವಿಶ್ವಬ್ಯಾಂಕ್ ಬಳಗದ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೋಟ್ಯಂತರ ಡಾಲರ್ ಪರಿಹಾರ ಕೇಳಿತು. ನಮ್ಮ ಮಾತನ್ನೂ ಕೇಳಿ ಎಂದು ಜನರ ಸಂಘಟನೆಗಳು ಅರ್ಜಿ ಹಾಕಿದವು. ಕಂಪನಿ ಮತ್ತು ಸರ್ಕಾರ ಒಪ್ಪದೆ ನಿಮ್ಮನ್ನು ಸೇರಿಸಿಕೊಳ್ಳುವ ಅಧಿಕಾರ ನಮಗಿಲ್ಲ ಎಂದಿತು ನ್ಯಾಯಮಂಡಳಿ. ಮುಂದೆ ಬರಬಹುದಾಗಿದ್ದ ಲಾಭ ಅಲ್ಲಿ ಆಸ್ತಿ. ಬೆವರು ಸುರಿಸಿ ತೋಡಿದ ಬಾವಿ ಲೆಕ್ಕಕ್ಕೇ ಇಲ್ಲ! ಜಗತ್ತಿನೆಲ್ಲೆಡೆ ಛೀಮಾರಿ ಬಿದ್ದ ಮೇಲೆ, 2006ರಲ್ಲಿ, ವಿದೇಶಿ ಪಾಲುದಾರರು ನಾಮಮಾತ್ರದ 2 ಬೊಲಿವಿಯಾನೊಗೆ ತಮ್ಮ ಷೇರು ಬಿಟ್ಟುಕೊಟ್ಟು ದಾವೆಯಿಂದ ಹಿಂದೆ ಸರಿದರು.

ನಮಗೂ ಇದು ಹೊಸತಲ್ಲ. 2012ರಲ್ಲಿ ನಮ್ಮ ಸಂಸತ್ತು ಮಾಡಿದ ತೆರಿಗೆ ತಿದ್ದುಪಡಿಯ ವಿರುದ್ಧ ವೊಡಾಫೋನ್ ಅದೇ ನೆದರ್ಲೆಂಡ್ಸ್‌ನೊಂದಿಗಿನ ಭಾರತದ ಒಪ್ಪಂದ ಹಿಡಿದು 2020ರಲ್ಲಿ ಗೆದ್ದಿತು. ಹಳೆಯ ವ್ಯವಹಾರಕ್ಕೆ ಹೊಸ ತೆರಿಗೆ ಹಾಕಿದ್ದು ಸರಿ ಎಂದು ನಾನು ವಾದಿಸುವುದಿಲ್ಲ. ಅದನ್ನು ತಿದ್ದಬೇಕಾದವರು ನಾವು ಆರಿಸಿ ಕಳಿಸಿದವರು, ನಮ್ಮ ನ್ಯಾಯಾಲಯಗಳು.

ಪೆಟ್ಟು ತಿಂದ ಭಾರತ ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು ಕೈಬಿಟ್ಟಿತು. ಮೊದಲು 5 ವರ್ಷ ನಮ್ಮ ನ್ಯಾಯಾಲಯಗಳಲ್ಲೇ ಹೋರಾಡಬೇಕು ಎಂಬ ಹೊಸ ಮಾದರಿ ಕರಡು ಮಾಡಿತು. ಆದರೆ 2024ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಅದು 3 ವರ್ಷಕ್ಕೆ ಇಳಿದಿದೆ. ಇಂಥ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆ ಬೇಕೆಂಬ ನಿಯಮ ನಮ್ಮಲ್ಲಿಲ್ಲ. ಮುಂದಿನ ಕರಡುಗಳನ್ನಾದರೂ ಸಹಿಗೆ ಮುಂಚೆ ಸದನದಲ್ಲಿ ಮಂಡಿಸುತ್ತೀರಾ ಎಂದು ಓದುಗ ಬಂಧುಗಳು ತಮ್ಮ ಸಂಸದರಿಗೆ ಕಾಗದ ಬರೆದು ಕೇಳಬೇಕು. ನಾನು ನಮ್ಮ ಸಂಸದರಿಗೆ ಬರೆದಿದ್ದೇನೆ.